ಹೊಟ್ಟೆ ಕಿರಿದಾದ ಮೇಲೆ ಬರುವ ನೋವೆಲ್ಲ ‘ಗ್ಯಾಸ್ಟ್ರಿಕ್’ ಅಲ್ಲ

ಮಾನ್ಯ ಸಂಪಾದಕರೇ,

ತೂಕ ಇಳಿಸುವ ಹೊಟ್ಟೆಯ ಶಸ್ತ್ರಚಿಕಿತ್ಸೆಯ ಜಾಹೀರಾತು ಈಗ ರಸ್ತೆ ಬದಿಯ ಫಲಕದಿಂದ ಹಿಡಿದು ಮೊಬೈಲ್ ಪರದೆಯವರೆಗೆ ಎಲ್ಲೆಲ್ಲೂ ಇದೆ. ನಾಲ್ಕೈದು ಸಣ್ಣ ತೂತು, ಎರಡು ಮೂರು ದಿನ ಆಸ್ಪತ್ರೆ, ಆಮೇಲೆ ಮನೆಗೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆಪರೇಷನ್ ಆಗುವುದು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯಂಥ ಊರುಗಳಲ್ಲಿ. ತೊಂದರೆ ಕಾಣಿಸಿಕೊಳ್ಳುವುದು ಬಹುಪಾಲು ಮನೆ ಸೇರಿದ ಮೇಲೆ, ಒಮ್ಮೊಮ್ಮೆ ವರ್ಷಗಳ ಮೇಲೆ. ಆಗ ರೋಗಿಯನ್ನು ಮೊದಲು ನೋಡುವವರು ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ವೈದ್ಯರು, ಇಲ್ಲವೇ ಬೀದಿ ತುದಿಯ ನರ್ಸಿಂಗ್ ಹೋಮ್. ಅಲ್ಲಿ ‘ಗ್ಯಾಸ್ಟ್ರಿಕ್’ ಎಂಬ ಪದ ಸಿದ್ಧವಾಗಿಯೇ ಇರುತ್ತದೆ. ಹಿಂದೆಯೇ ಆ್ಯಸಿಡ್ ತಗ್ಗಿಸುವ ಒಂದು ಇಂಜೆಕ್ಷನ್, ನೋವಿಗೊಂದು ಇಂಜೆಕ್ಷನ್, ಸುಸ್ತಿಗೊಂದು ಬಾಟಲಿ ಗ್ಲೂಕೋಸ್. ಮಾಮೂಲಿ ಹೊಟ್ಟೆಗೆ ಇವುಗಳಿಂದ ದೊಡ್ಡ ಕೇಡಿಲ್ಲ. ಕತ್ತರಿಸಿ ಹೊಲಿದ ಹೊಟ್ಟೆಯ ಮಾತು ಬೇರೆ. ಅಲ್ಲಿ ಮೊದಲನೆಯದು ರೋಗವನ್ನು ಮರೆಮಾಚಬಹುದು, ಎರಡನೆಯದು ಹುಣ್ಣು ಮಾಡಬಹುದು, ಮೂರನೆಯದು ಮಿದುಳನ್ನೇ ಕೆಡಿಸಬಹುದು. ಈ ಪತ್ರ ಬರೆಯುತ್ತಿರುವುದು ಅದಕ್ಕೆ.

ಮೊದಲು ಒಂದು ಗೊಂದಲ ಬಿಡಿಸಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವ ನಟಿಯೊಬ್ಬರು ಕೊಬ್ಬು ತೆಗೆಸುವ ಚಿಕಿತ್ಸೆಯ ಬಳಿಕ ತೀರಿಕೊಂಡ ಸುದ್ದಿ ಬಂದಾಗ, ಜಠರದ ಆಪರೇಷನ್ ಮಾಡಿಸಿಕೊಂಡವರೂ ಮಾಡಿಸಿಕೊಳ್ಳಲಿದ್ದವರೂ ಬೆದರಿದರು. ಚರ್ಮದಡಿಯ ಕೊಬ್ಬು ತೆಗೆಯುವುದು ಅಂದಕ್ಕಾಗಿ ಮಾಡುವ ಕೆಲಸ. ಜಠರವನ್ನು ಕಿರಿದು ಮಾಡುವುದು, ಕರುಳಿನ ದಾರಿ ಬದಲಿಸುವುದು ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವುದು ಇಂಥವಕ್ಕೆ ಮಾಡುವ ಚಿಕಿತ್ಸೆ. ಪಳಗಿದ ಕೈಗಳಲ್ಲಿ ಇದರ ಮೊದಲ 30 ದಿನಗಳ ಸಾವು ಸಾವಿರಕ್ಕೆ ಒಂದರಿಂದ ಮೂರರ ಆಸುಪಾಸು. ಬೇಕಾದವರು ಹೆದರಿ ಬಿಡುವಂಥ ಆಪರೇಷನ್ ಇದಲ್ಲ. ಆದರೆ ಮಾಡಿಸಿಕೊಂಡು ಮರೆತುಬಿಡುವಂಥದ್ದೂ ಅಲ್ಲ.

ನಮ್ಮಲ್ಲಿ ನಡೆಯುವುದು ಮುಖ್ಯವಾಗಿ ಮೂರು ಬಗೆ. ಸ್ಲೀವ್ ಎಂಬುದರಲ್ಲಿ ಜಠರದ ಎಡಗಡೆಯ ಉಬ್ಬನ್ನು, ಎಂದರೆ ಒಟ್ಟು ಜಠರದ ಶೇ 75ರಿಂದ 80ರಷ್ಟನ್ನು, ಸ್ಟೇಪ್ಲರಿನಿಂದ ಕತ್ತರಿಸಿ ಹೊರಗೆ ತೆಗೆದುಬಿಡುತ್ತಾರೆ. ಬಾಯಿಂದ ಇಳಿಸಿದ 12–13 ಮಿ.ಮೀ. ದಪ್ಪದ ಕೊಳವೆಯ ಗುಂಟ ಕತ್ತರಿಸುವುದರಿಂದ ಉಳಿಯುವುದು ಬಾಳೆಕಾಯಿಯಂಥ ಒಂದು ನಳಿಕೆ, 100–150 ಮಿ.ಲೀ. ಹಿಡಿಯುತ್ತದೆ. ತೆಗೆದದ್ದನ್ನು ಮತ್ತೆ ಜೋಡಿಸಲಾಗದು. ಬೈಪಾಸ್‌ನಲ್ಲಿ ಜಠರದ ನೆತ್ತಿಯಲ್ಲಿ 30 ಮಿ.ಲೀ.ನಷ್ಟು ಪುಟ್ಟ ಚೀಲ ಬೇರ್ಪಡಿಸಿ, ಸಣ್ಣಕರುಳನ್ನು ಕತ್ತರಿಸಿ ಮೇಲಕ್ಕೆ ತಂದು ಅದಕ್ಕೆ ಸೇರಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಊಟ ಅತ್ತ ಹಾಯುವುದಿಲ್ಲ ಅಷ್ಟೆ. ಮಿನಿ ಬೈಪಾಸ್‌ನಲ್ಲಿ ಉದ್ದನೆಯ ಚೀಲಕ್ಕೆ ಕರುಳಿನ ಒಂದೇ ಜೋಡಣೆ. ಸಾಮಾನ್ಯವಾಗಿ 150–200 ಸೆಂ.ಮೀ. ಕರುಳು ಊಟದ ದಾರಿಯಿಂದ ಹೊರಗುಳಿಯುತ್ತದೆ. ಮೂರರ ತೊಂದರೆಗಳೂ ಬೇರೆ ಬೇರೆ. ‘ಬೊಜ್ಜಿನ ಆಪರೇಷನ್ ಆಗಿದೆ’ ಎಂದಷ್ಟೇ ಹೇಳಿದರೆ ಎದುರಿನ ವೈದ್ಯರಿಗೆ ಅರ್ಧ ಮಾಹಿತಿಯೂ ಸಿಕ್ಕಂತಲ್ಲ.

ಮೊದಲ ಎರಡು ವಾರ ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದದ್ದು ಲೀಕ್, ಅಂದರೆ ಸ್ಟೇಪಲ್ ಹಾಕಿದ ಸಾಲು ಅಥವಾ ಜೋಡಣೆ ಬಿಟ್ಟುಕೊಂಡು ಒಳಗಿನದು ಹೊಟ್ಟೆಯ ಕುಹರಕ್ಕೆ ಸೋರುವುದು. ನೂರರಲ್ಲಿ ಒಬ್ಬರಿಗೆ, ಕೆಲವೆಡೆ ಇನ್ನೂ ತುಸು ಹೆಚ್ಚು. ಸ್ಲೀವ್‌ನಲ್ಲಿ ಇದು ಹೆಚ್ಚಾಗಿ ಮೇಲ್ತುದಿಯಲ್ಲಿ, ಅನ್ನನಾಳ ಜಠರಕ್ಕೆ ಕೂಡುವ ಮೂಲೆಯಲ್ಲಿ ಆಗುತ್ತದೆ. ಕಾರಣವಿದೆ. ಜಠರದ ಗೋಡೆ ಕೆಳಗೆ ದಪ್ಪ, ಮೇಲೆ ಹೋದಂತೆ ತೆಳು. ಅದಕ್ಕೇ ಸ್ಟೇಪಲ್ ಪಿನ್ನುಗಳು ಬಣ್ಣಬಣ್ಣದ ಕಾರ್ಟ್ರಿಡ್ಜ್‌ಗಳಲ್ಲಿ ಬೇರೆ ಬೇರೆ ಎತ್ತರದಲ್ಲಿ ಬರುತ್ತವೆ. ಕೆಳಗಿನ ದಪ್ಪ ಭಾಗಕ್ಕೆ ಎತ್ತರದ್ದು, ಮೇಲಕ್ಕೆ ಕಡಿಮೆಯದು. ಆ ಮೂಲೆಯಲ್ಲಿ ರಕ್ತ ಸಂಚಾರವೂ ಅಷ್ಟಕ್ಕಷ್ಟೆ. ಅದರ ಮೇಲೆ, ಸ್ಲೀವ್ ಎಂಬುದು ಕೆಳಗಿನ ಬಾಗಿಲು ಬಿಗಿಯಾಗಿರುವ ಸಣ್ಣ ಕೊಳವೆ. ನಡುವಿನ ತಿರುವಿನಲ್ಲಿ ಸ್ವಲ್ಪ ಇಕ್ಕಟ್ಟಾದರೂ ಒತ್ತಡವೆಲ್ಲ ಮೇಲಿನ ತೆಳು ಜಾಗದ ಮೇಲೆ ಬೀಳುತ್ತದೆ.

ಲೀಕ್ ಆದವರ ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ ಎಂದು ಕಾಯಬಾರದು. ದಪ್ಪ ಹೊಟ್ಟೆಯಲ್ಲಿ ಆ ಲಕ್ಷಣ ಕೈಗೆ ಸಿಗುವುದಿಲ್ಲ. ಎಲ್ಲಕ್ಕಿಂತ ಮೊದಲು ಸುಳಿವು ಕೊಡುವುದು ನಾಡಿ. ಮನೆಯಲ್ಲಿ ದಿನಕ್ಕೆರಡು ಸಲ, ಹತ್ತು ನಿಮಿಷ ಸುಮ್ಮನೆ ಕೂತ ಮೇಲೆ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಎಷ್ಟೋ ಮನೆಗೆ ಬಂದು ಕೂತಿದೆ, ಅದೂ ಸಾಕು. ಕೂತಾಗಲೂ 100 ದಾಟುತ್ತಿದ್ದರೆ ಶಸ್ತ್ರಚಿಕಿತ್ಸಕರಿಗೆ ಅಂದೇ ಫೋನ್ ಮಾಡಬೇಕು. 120ರ ಮೇಲೆಯೇ ನಿಂತರೆ ಫೋನ್ ಮಾಡುತ್ತಲೇ ಹೊರಡಬೇಕು, ಜ್ವರ ಇರಲಿ ಬಿಡಲಿ. ಎಡ ಭುಜದ ತುದಿಯಲ್ಲಿ ನೋವು, ಉಸಿರು ಮೇಲೆ ಮೇಲೆ ಬರುವುದು, ಕಾರಣವಿಲ್ಲದ ಚಡಪಡಿಕೆ ಜೊತೆಗಿದ್ದರೆ ಅನುಮಾನವೇ ಬೇಡ. ಒಂದು ಎಚ್ಚರಿಕೆ: ರಕ್ತದೊತ್ತಡಕ್ಕೆಂದು ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಮಾತ್ರೆ ತೆಗೆದುಕೊಳ್ಳುವವರ ನಾಡಿ ಅಷ್ಟಾಗಿ ಏರುವುದಿಲ್ಲ. ಅವರ ವಿಷಯದಲ್ಲಿ 90 ಕೂಡ ಸಮಾಧಾನದ ಸಂಖ್ಯೆಯಲ್ಲ. ಬಣ್ಣದ ದ್ರವ ಕುಡಿಸಿ ತೆಗೆದ ಎಕ್ಸ್‌ರೇ ಸರಿಯಿದೆ ಎಂದು ಮನೆಗೆ ಕಳಿಸುವುದೂ ತಪ್ಪು. ಸಣ್ಣ ಸೋರಿಕೆ ಅದರಲ್ಲಿ ತಪ್ಪಿಸಿಕೊಳ್ಳುತ್ತದೆ. ಸಿ.ಟಿ. ಸ್ಕ್ಯಾನ್ ಬೇಕು. ಅದೂ ಸರಿಯಿದ್ದು ರೋಗಿ ಕುಸಿಯುತ್ತಿದ್ದರೆ ಆಪರೇಷನ್ನಿನ ತೂತುಗಳಿಂದ ಹೊಟ್ಟೆಯೊಳಗೆ ಮತ್ತೆ ದುರ್ಬೀನು ಹಾಕಿ ನೋಡುವುದೇ ಉಳಿದ ದಾರಿ. ಬೇಗ ಸಿಕ್ಕರೆ ಕೀವು ಹೊರಗೆ ಬಿಡುವ ಕೊಳವೆ, ಆ್ಯಂಟಿಬಯೋಟಿಕ್, ಎಂಡೊಸ್ಕೋಪಿಯಿಂದ (ಬಾಯಿಂದ ಇಳಿಸುವ ಕ್ಯಾಮೆರಾ ಕೊಳವೆ) ಇಡುವ ಸ್ಟೆಂಟ್ ಎಂಬ ನಳಿಕೆ, ಕರುಳಿಗೆ ನೇರ ಆಹಾರ ಎಂದು ವಾರಗಟ್ಟಲೆ ಹಿಡಿದರೂ ವಾಸಿಯಾಗುತ್ತದೆ. ಎರಡು ದಿನ ‘ಗ್ಯಾಸ್’ ಎಂದು ಕಳೆದರೆ ಐಸಿಯು.

ರಕ್ತಸ್ರಾವ ಬಹುತೇಕ ಮೊದಲ ಒಂದೆರಡು ದಿನಗಳಲ್ಲಿ, ಆಸ್ಪತ್ರೆಯಲ್ಲಿರುವಾಗಲೇ ಕಾಣುತ್ತದೆ, ಹಾಗಾಗಿ ಅದರ ಬಗ್ಗೆ ಇಲ್ಲಿ ಹೆಚ್ಚು ಬೇಡ. ಮನೆಗೆ ಬಂದ ಮೇಲೆ ಮಲ ಡಾಂಬರಿನಂತೆ ಕಪ್ಪಾದರೆ ಹೇಳಿ. ರಕ್ತ ಹೆಪ್ಪುಗಟ್ಟುವುದು ಮಾತ್ರ ಮನೆಯ ಕಾಯಿಲೆಯೇ. ಮೀನಖಂಡದಲ್ಲಿ ಹುಟ್ಟಿದ ಹೆಪ್ಪು ಶ್ವಾಸಕೋಶಕ್ಕೆ ಹಾರುವುದು ಈ ಶಸ್ತ್ರಚಿಕಿತ್ಸೆಯ ನಂತರದ ಸಾವಿಗೆ ಮುಖ್ಯ ಕಾರಣಗಳಲ್ಲಿ ಒಂದು, ಮತ್ತು ಹೆಚ್ಚಿನವು ಡಿಸ್ಚಾರ್ಜ್ ಆದ ಮೇಲೆಯೇ ಆಗುತ್ತವೆ. ‘ಆಪರೇಷನ್ ಆಗಿದೆ, ಮಲಗಿರು’ ಎಂದು ಮನೆಯವರು ತೋರುವ ಅಕ್ಕರೆ ಇಲ್ಲಿ ಮುಳುವಾಗುತ್ತದೆ. ಬಾಣಂತನದ ಹಾಗೆ ಮಂಚ ಹಿಡಿಸಬೇಡಿ. ಮೊದಲ ದಿನದಿಂದಲೇ ಎರಡು ಗಂಟೆಗೊಮ್ಮೆ ಎದ್ದು ಓಡಾಡಬೇಕು. ಹೊಟ್ಟೆಗೆ ಚುಚ್ಚಿಕೊಳ್ಳುವ ಹೆಪಾರಿನ್ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಒಂದು ದಿನವೂ ತಪ್ಪಿಸಬಾರದು. ಬೆಂಗಳೂರಿನಿಂದ ಬೀದರ್‌ಗೋ ಕಾರವಾರಕ್ಕೋ ಹೋಗುವವರು ದಾರಿಯಲ್ಲಿ ಗಂಟೆಗೊಂದು ಸಲ ಗಾಡಿ ನಿಲ್ಲಿಸಿ ಇಳಿದು ನಡೆಯಬೇಕು.

ಇನ್ನು ನೀರು. ಹೊಸ ಹೊಟ್ಟೆಗೆ ಒಂದು ಲೋಟ ನೀರನ್ನು ಗಟಗಟ ಕುಡಿಯಲಾಗದು. ದಿನಕ್ಕೆ ಒಂದೂವರೆ ಲೀಟರ್ ಅಂದರೆ 30 ಮಿ.ಲೀ.ನ ಪುಟ್ಟ ಕಪ್ಪಿನಲ್ಲಿ 50 ಸಲ. ಎಚ್ಚರವಿರುವ 15 ಗಂಟೆಗೆ ಹಂಚಿದರೆ 18 ನಿಮಿಷಕ್ಕೊಂದು ಕಪ್, ಅದೂ ಗುಟುಕು ಗುಟುಕಾಗಿ. ಊಟದ ಜೊತೆಗೆ ಕುಡಿಯುವಂತಿಲ್ಲ, ಊಟವಾದ ಅರ್ಧ ಗಂಟೆ ಬಿಡಬೇಕು. ಬಾಯಾರಿಕೆ ಆದಾಗ ಕುಡಿದರಾಯಿತು ಎನ್ನುವವರೇ ಮೊದಲ ತಿಂಗಳಲ್ಲಿ ಒಣಗಿ, ತಲೆಸುತ್ತಿ ಆಸ್ಪತ್ರೆಗೆ ವಾಪಸಾಗುವುದು. ಸ್ಲೀವ್ ಆದವರು ಹೀಗೆ ಒಣಗಿದರೆ ಕರುಳಿನಿಂದ ಯಕೃತ್ತಿಗೆ ಹೋಗುವ ರಕ್ತನಾಳದಲ್ಲೇ ಹೆಪ್ಪುಗಟ್ಟುವ ಅಪಾಯವೂ ಉಂಟು.

ಈಗ ವಾಂತಿಯ ಮಾತಿಗೆ ಬರೋಣ. ಈ ಪತ್ರದಲ್ಲಿ ಒಂದೇ ಪ್ಯಾರಾ ಅಚ್ಚು ಹಾಕಲು ಜಾಗವಿದ್ದರೆ ಇದನ್ನೇ ಹಾಕಿ ಎಂದು ತಮ್ಮಲ್ಲಿ ವಿನಂತಿ. ಅವಸರದಲ್ಲಿ ಉಂಡರೆ, ಅಗಿಯದೆ ನುಂಗಿದರೆ ಒಂದೆರಡು ಸಲ ವಾಂತಿಯಾಗುವುದು ಸಹಜ. ಆದರೆ ದಿನಾ ವಾಂತಿ, ವಾರಗಟ್ಟಲೆ ವಾಂತಿ ಸಹಜವಲ್ಲ. ಬೈಪಾಸ್ ಆಗಿ ನಾಲ್ಕಾರು ವಾರಕ್ಕೆ ಇದು ಶುರುವಾದರೆ ಜೋಡಣೆ ಗಾಯ ಮಾಗುತ್ತಾ ಕಿರಿದಾಗಿರುವ ಸಾಧ್ಯತೆ ಹೆಚ್ಚು. ಎಂಡೊಸ್ಕೋಪಿಯಲ್ಲಿ ಬಲೂನು ಊದಿ ಅಗಲ ಮಾಡುತ್ತಾರೆ. ಸ್ಲೀವ್‌ನಲ್ಲಿ ನಡುವಿನ ತಿರುವು ಇಕ್ಕಟ್ಟಾಗಿರಬಹುದು ಅಥವಾ ತಿರುಚಿಕೊಂಡಿರಬಹುದು. ಕಾರಣ ಯಾವುದೇ ಇರಲಿ, ಅದನ್ನು ಹುಡುಕುವಷ್ಟರಲ್ಲಿ ಮೈಯಲ್ಲಿನ ಥಯಾಮಿನ್, ಅಂದರೆ ವಿಟಮಿನ್ ಬಿ1 ಖಾಲಿಯಾಗಿರುತ್ತದೆ. ಅದರ ದಾಸ್ತಾನು ದೇಹದಲ್ಲಿ ಎರಡು ಮೂರು ವಾರಕ್ಕಷ್ಟೇ. ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಗಂಜಿ ತಿಳಿ ಕುಡಿದುಕೊಂಡಿರುವವರಿಗೆ ಅದು ಹೊರಗಿನಿಂದಲೂ ಸಿಗುವುದಿಲ್ಲ. ದೇಹ ಗ್ಲೂಕೋಸನ್ನು ಸುಡಲು ಥಯಾಮಿನ್ ಬೇಕೇ ಬೇಕು. ಥಯಾಮಿನ್ ಇಲ್ಲದವರ ರಕ್ತಕ್ಕೆ ಗ್ಲೂಕೋಸ್ ಬಾಟಲಿ ಏರಿಸಿದರೆ ಅಳಿದುಳಿದ ಚೂರುಪಾರೂ ಅದಕ್ಕೇ ಖರ್ಚಾಗಿ, ಮಿದುಳಿನ ಒಳಭಾಗಕ್ಕೆ ಏಟು ಬೀಳುತ್ತದೆ. ಕಣ್ಣುಗುಡ್ಡೆ ಅದುರುವುದು, ಒಂದು ಎರಡಾಗಿ ಕಾಣುವುದು, ನಡೆಯುವಾಗ ಕುಡಿದವರಂತೆ ತೂರಾಡುವುದು, ಮಾತು ತಪ್ಪುವುದು, ಮರೆವು. ವೆರ್ನಿಕೆ ಎಂದು ಇದರ ಹೆಸರು. ಮನೆಯವರು ‘ತುಂಬಾ ವೀಕ್‌ನೆಸ್’ ಎನ್ನುತ್ತಾರೆ, ಮತ್ತೊಂದು ಗ್ಲೂಕೋಸ್ ಹಾಕಿಸುತ್ತಾರೆ. ತಡವಾದರೆ ಮರೆವು ಕೊನೆಯವರೆಗೂ ಉಳಿದುಬಿಡುತ್ತದೆ.

ವೈದ್ಯ ಮಿತ್ರರಲ್ಲಿ ಕೋರುವುದಿಷ್ಟು. ಈ ಆಪರೇಷನ್ ಆದವರು ವಾಂತಿ ಎಂದು ಬಂದರೆ ಹಾಕಬೇಕಾದ ಡ್ರಿಪ್ ನಾರ್ಮಲ್ ಸಲೈನ್. ಗ್ಲೂಕೋಸ್ ಬೇಕೇ ಆದರೆ ಅದಕ್ಕೆ ಮೊದಲು ಥಯಾಮಿನ್ ನರಕ್ಕೆ ಕೊಡಿ. ಸಕ್ಕರೆ ಅಂಶ ತೀರಾ ಇಳಿದು ರೋಗಿ ಪ್ರಜ್ಞೆ ತಪ್ಪಿದ್ದರೆ ಗ್ಲೂಕೋಸ್ ತಡೆಯುವಂತಿಲ್ಲ, ಎರಡನ್ನೂ ಒಟ್ಟಿಗೇ ಕೊಡಬೇಕು. ಕೊರತೆಯ ಅನುಮಾನವಿದ್ದರೆ ರಕ್ತ ಪರೀಕ್ಷೆಯ ವರದಿಗೆ ಕಾಯದೆ ನರದ ಮೂಲಕ 200 ಮಿ.ಗ್ರಾಂನಂತೆ ದಿನಕ್ಕೆ ಮೂರು ಸಲ, ಅಥವಾ 500 ಮಿ.ಗ್ರಾಂನಂತೆ ಒಂದೆರಡು ಸಲ, ಮೂರರಿಂದ ಐದು ದಿನ; ಆಮೇಲೆ 250 ಮಿ.ಗ್ರಾಂಗೆ ಇಳಿಸಿ ಇನ್ನೂ ಮೂರರಿಂದ ಐದು ದಿನ. ಡ್ರಿಪ್ ಹಳದಿಯಾಗುವಂತೆ ಬೆರೆಸುವ ಮಲ್ಟಿವಿಟಮಿನ್ ಆಂಪೂಲ್ ಇದಕ್ಕೆ ಸಾಲದು. ಮೆಗ್ನೀಷಿಯಂ ಕಡಿಮೆಯಿದ್ದರೆ ಥಯಾಮಿನ್ ಕೆಲಸವನ್ನೇ ಮಾಡುವುದಿಲ್ಲ, ಅದನ್ನೂ ನೋಡಿ. ಇನ್ನೊಂದು: ವಾಂತಿ ನಿಲ್ಲಲೆಂದು ಮೂಗಿನಿಂದ ಜಠರಕ್ಕೆ ಇಳಿಸುವ ರೈಲ್ಸ್ ಟ್ಯೂಬನ್ನು ಕುರುಡಾಗಿ ತಳ್ಳಬೇಡಿ. ಹೊಸ ಜೋಡಣೆಯನ್ನು ಅದು ಹರಿದು ಹಾಕಬಲ್ಲದು.

ವರ್ಷ ಕಳೆದ ಮೇಲೆ ಬರುವ ಹೊಟ್ಟೆನೋವಿನಲ್ಲಿ ಎಲ್ಲಕ್ಕಿಂತ ಮೋಸದ್ದು ಒಳಗಿನ ಹರ್ನಿಯಾ. ಇದು ಬೈಪಾಸ್ ಆದವರಿಗೆ ಬರುವುದು. ಕರುಳನ್ನು ಎತ್ತಿ ಜೋಡಿಸುವಾಗ ಅದರ ಪೊರೆಯಲ್ಲಿ ಒಂದೆರಡು ಕಿಂಡಿಗಳು ಉಂಟಾಗುತ್ತವೆ. ಹೊಲಿದು ಮುಚ್ಚಿದರೂ, ತೂಕ ಇಳಿದಂತೆ ಪೊರೆಯ ಕೊಬ್ಬು ಕರಗಿ ಹೊಲಿಗೆ ಸಡಿಲಾಗಿ ಕಿಂಡಿ ಮತ್ತೆ ಬಾಯಿ ಬಿಡುತ್ತದೆ, ಕರುಳು ಅದರೊಳಗೆ ನುಸುಳುತ್ತದೆ. ಹೀಗೆ ಆಪರೇಷನ್ ಚೆನ್ನಾಗಿ ಫಲ ಕೊಟ್ಟವರಿಗೇ ಇದು ಕಾಡುವುದು. ಊಟವಾದ ಮೇಲೆ ಹೊಕ್ಕುಳ ಸುತ್ತ ಅಥವಾ ಎಡ ಮೇಲ್ಭಾಗದಲ್ಲಿ ಹಿಂಡಿದಂಥ ನೋವು, ಕೆಲವೊಮ್ಮೆ ಬೆನ್ನಿಗೂ. ಬರುತ್ತದೆ, ತಾನೇ ಹೋಗುತ್ತದೆ. ವಾಂತಿ ಇಲ್ಲದೆಯೂ ಇರಬಹುದು. ರಕ್ತ ಪರೀಕ್ಷೆ, ಅಲ್ಟ್ರಾಸೌಂಡ್ ಸ್ಕ್ಯಾನಿಂಗ್, ಎಕ್ಸ್‌ರೇ ಎಲ್ಲ ಸರಿಯೇ ಇರುತ್ತವೆ. ಹೊಟ್ಟೆ ಮುಟ್ಟಿ ನೋಡಿದರೆ ಮೆತ್ತಗೆ. ನೋವು ಮಾತ್ರ ಮುಖದಲ್ಲಿ ಎದ್ದು ಕಾಣುತ್ತದೆ. ಈ ಹೊಂದಿಕೆಯಾಗದ ಜೋಡಿಯೇ ಸುಳಿವು. ಸಿ.ಟಿ.ಯಲ್ಲಿ ಕರುಳಿನ ರಕ್ತನಾಳಗಳು ಸುಳಿಯಂತೆ ಸುತ್ತಿಕೊಂಡಿದ್ದರೆ ಬಹುತೇಕ ಖಚಿತ. ಸುಳಿ ಕಾಣಲಿಲ್ಲವೆಂದು ಇಲ್ಲವೆನ್ನಲಾಗದು. ಸಿಕ್ಕಿಕೊಂಡ ಕರುಳು ಕೆಲವೇ ಗಂಟೆಗಳಲ್ಲಿ ಕೊಳೆಯಬಹುದು. ಬೈಪಾಸ್ ಆದವರ ಬಿಡದ ಹೊಟ್ಟೆನೋವನ್ನು ಹೊಟ್ಟೆ ಶಸ್ತ್ರಚಿಕಿತ್ಸಕರೊಬ್ಬರು ಅಂದೇ ನೋಡಬೇಕು ಎನ್ನುವುದು ಇದಕ್ಕಾಗಿ.

ನೋವಿನ ಮಾತ್ರೆಗಳ ಕಥೆ ಬೇರೆ. ತೂಕ ಹೆಚ್ಚಿದ್ದವರಿಗೆ ಮಂಡಿನೋವು ಹಳೆಯ ಒಡನಾಡಿ. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಸಿಕ್ಲೊಫೆನಾಕ್ ಮನೆಯ ಡಬ್ಬಿಯಲ್ಲೇ ಇರುತ್ತವೆ, ಚೀಟಿಯಿಲ್ಲದೆಯೂ ಅಂಗಡಿಯಲ್ಲಿ ಸಿಗುತ್ತವೆ. ಬೈಪಾಸ್‌ನಲ್ಲಿ ಜಠರದ ಚೀಲಕ್ಕೆ ಸೇರಿಸಿದ ಕರುಳಿಗೆ ಆ್ಯಸಿಡ್ ತಡೆಯುವ ಗುಣವಿಲ್ಲ. ಅದರ ಮೇಲೆ ಈ ಮಾತ್ರೆ ಬಿದ್ದರೆ ಜೋಡಣೆಯ ಅಂಚಿನಲ್ಲೇ ಹುಣ್ಣಾಗುತ್ತದೆ, ರಕ್ತ ಸೋರುತ್ತದೆ, ತೂತೂ ಬೀಳುತ್ತದೆ. ಇಂಜೆಕ್ಷನ್ ಆದರೆ ಹೊಟ್ಟೆಗೆ ತಾಗುವುದಿಲ್ಲವಲ್ಲ ಎನ್ನಬೇಡಿ, ಈ ಔಷಧ ಹಾನಿ ಮಾಡುವುದು ರಕ್ತದ ಮೂಲಕವೂ ಹೌದು. ಪ್ಯಾರಾಸಿಟಮಾಲ್ ಪರವಾಗಿಲ್ಲ. ಬೀಡಿ, ಸಿಗರೇಟು ಇದೇ ಹುಣ್ಣಿನ ಇನ್ನೊಂದು ದೊಡ್ಡ ಕಾರಣ, ಜಠರದಲ್ಲಿ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾದ ಸೋಂಕು ಮತ್ತೊಂದು. ಹೃದಯದ ಕಾರಣಕ್ಕೆ ಆಸ್ಪಿರಿನ್ ಬರೆದುಕೊಟ್ಟಿದ್ದರೆ ತಾವಾಗಿ ನಿಲ್ಲಿಸದೆ ಇಬ್ಬರು ವೈದ್ಯರನ್ನೂ ಕೇಳಬೇಕು.

ಎದೆಯುರಿ ಸ್ಲೀವ್‌ಗೆ ಅಂಟಿಕೊಂಡ ತೊಂದರೆ. ಮೊದಲೇ ಜೋರಾಗಿ ಹುಳಿತೇಗು ಇದ್ದವರು, ದೊಡ್ಡ ಹಯಾಟಸ್ ಹರ್ನಿಯಾ (ಜಠರದ ಮೇಲ್ಭಾಗ ಎದೆಗೂಡಿಗೆ ನುಸುಳಿರುವುದು) ಇದ್ದವರು ಸ್ಲೀವ್ ಮಾಡಿಸಿಕೊಳ್ಳದಿರುವುದೇ ಲೇಸು. ಅದಕ್ಕೆ ಆಪರೇಷನ್‌ಗೆ ಮುಂಚೆ ಎಂಡೊಸ್ಕೋಪಿ ಮಾಡಿಸದೆ ಟೇಬಲ್ ಏರಬಾರದು. ಮಾತ್ರೆಗೆ ಬಗ್ಗದಿದ್ದರೆ ಸ್ಲೀವನ್ನು ಬೈಪಾಸ್‌ಗೆ ಬದಲಿಸಬೇಕಾಗುತ್ತದೆ. ಮಿನಿ ಬೈಪಾಸ್‌ನಲ್ಲಿ ಕೆಲವರಿಗೆ ಪಿತ್ತರಸವೇ ಮೇಲೆ ಬರುತ್ತದೆ. ಬಾಯಿ ಕಹಿ, ಹಳದಿ ವಾಂತಿ. ಆ್ಯಸಿಡ್ ಮಾತ್ರೆ ಅದಕ್ಕೆ ನಾಟುವುದಿಲ್ಲ.

ತೂಕ ಭರದಿಂದ ಇಳಿಯುವ ಮೊದಲ ಆರು ತಿಂಗಳು ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಕಾಲ. ಅರ್ಸೊಡಿಯಾಕ್ಸಿಕೋಲಿಕ್ ಆಸಿಡ್ ಮಾತ್ರೆಯನ್ನು (ಬೈಪಾಸ್‌ಗೆ 300 ಮಿ.ಗ್ರಾಂ ದಿನಕ್ಕೆರಡು ಸಲ) ಆರು ತಿಂಗಳು ಕೊಡುವುದು ಇದಕ್ಕೇ. ದುಬಾರಿ ಎಂದು ಎರಡೇ ತಿಂಗಳಿಗೆ ನಿಲ್ಲಿಸುವವರಿದ್ದಾರೆ. ಬೈಪಾಸ್ ಆದವರ ಪಿತ್ತನಾಳಕ್ಕೆ ಕಲ್ಲು ಜಾರಿದರೆ ಬಾಯಿಂದ ಮಾಮೂಲಿ ಎಂಡೊಸ್ಕೋಪಿಯಲ್ಲಿ ಅದನ್ನು ತಲುಪುವ ದಾರಿಯೇ ಇರುವುದಿಲ್ಲ ಎಂಬುದನ್ನು ಅವರು ಲೆಕ್ಕ ಹಾಕಿರುವುದಿಲ್ಲ.

ಹಬ್ಬದ ದಿನ ಹೋಳಿಗೆ, ಪಾಯಸ, ದಾರಿಯಲ್ಲಿ ಕಬ್ಬಿನ ಹಾಲು ಸೇವಿಸಿ ಹತ್ತರಿಂದ ಮೂವತ್ತು ನಿಮಿಷದಲ್ಲಿ ಎದೆ ಡವಗುಟ್ಟಿ, ಬೆವರಿ, ಹೊಟ್ಟೆ ಮುರಿದು ಭೇದಿಯಾದರೆ ಅದು ಡಂಪಿಂಗ್. ಸಕ್ಕರೆ ಪಾಕ ಜಠರದಲ್ಲಿ ನಿಲ್ಲದೆ ಕರುಳಿಗೆ ಒಮ್ಮೆಗೇ ಧುಮುಕಿದ ಫಲ. ಒಂದರಿಂದ ಮೂರು ಗಂಟೆಯ ಮೇಲೆ ಕೈ ನಡುಗಿ ಕಣ್ಣು ಕತ್ತಲಿಟ್ಟರೆ ಇನ್ಸುಲಿನ್ ಅತಿಯಾಗಿ ಸುರಿದು ಸಕ್ಕರೆ ಕುಸಿದಿದೆ ಎಂದರ್ಥ. ‘ಬಿಪಿ ಲೋ’ ಎಂದು ಕಾಫಿ ಕುಡಿಸುವ ಮೊದಲು ಗ್ಲೂಕೋಮೀಟರಿನಲ್ಲಿ ನೋಡಿ. ಸಕ್ಕರೆ ಕಾಯಿಲೆಯ ಹಳೆಯ ಮಾತ್ರೆಗಳನ್ನು, ಅದರಲ್ಲೂ ಗ್ಲಿಮೆಪಿರೈಡ್ ಮತ್ತು ಇನ್ಸುಲಿನ್ನನ್ನು, ಮೊದಲ ವಾರದಿಂದಲೇ ತಗ್ಗಿಸಬೇಕಾಗುತ್ತದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರು ಆಪರೇಷನ್‌ಗೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಬೇಕು. ಇಲ್ಲದಿದ್ದರೆ ಸಕ್ಕರೆ ಅಂಕಿ ಸರಿಯಿದ್ದಂತೆ ಕಂಡರೂ ರಕ್ತ ಆಮ್ಲೀಯವಾಗುತ್ತದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯನ್ನೂ ಹಳೆಯ ಚೀಟಿ ನೋಡಿ ಮುಂದುವರಿಸಬೇಡಿ.

ಊಟದ ಬಗ್ಗೆ ಇಂಗ್ಲಿಷ್ ಪಟ್ಟಿಗಳಲ್ಲಿ ಸಿಗದ ಒಂದು ಮಾತು. ಮುದ್ದೆ ನುಂಗುವ ಊಟ, ಅಗಿಯುವ ಊಟವಲ್ಲ. ಹಳೇ ಮೈಸೂರು ಕಡೆಯವರಿಗೆ ಬಾಲ್ಯದಿಂದ ಬಂದ ಈ ರೂಢಿ 12 ಮಿ.ಮೀ. ಅಗಲದ ಕೊಳವೆಗೆ ಒಗ್ಗುವುದಿಲ್ಲ. ತುತ್ತು ಎದೆಯಲ್ಲೇ ನಿಂತು ನೊರೆ ನೊರೆ ಜೊಲ್ಲು ಬರುತ್ತದೆ. ರಾಗಿ ಬೇಕೆಂದರೆ ಅಂಬಲಿ ಆಗಲಿ. ಜೋಳದ ಕಡಕ್ ರೊಟ್ಟಿ, ಒಣ ಚಪಾತಿ, ಕಿತ್ತಳೆಯ ತೊಳೆಯ ಸಿಪ್ಪೆ, ನುಗ್ಗೆಯ ನಾರು ಕೂಡ ಹೀಗೇ ಸಿಕ್ಕಿಕೊಳ್ಳುತ್ತವೆ. ಮೊದಲೆರಡು ವಾರ ನೀರಾಹಾರ, ಮತ್ತೆರಡು ವಾರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗೆ ಬೇಯಿಸಿದ್ದು, ಏಳನೆಯ ವಾರದ ಹೊತ್ತಿಗೆ ಮನೆಯೂಟ.

ಎರಡನೆಯ ಸಂಗತಿ ಪ್ರೋಟೀನ್. ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ. ಎರಡು ಚಮಚ ಅನ್ನ ಸಾರು ತಿಂದರೆ ಹೊಟ್ಟೆ ತುಂಬಿತು, ಪ್ರೋಟೀನ್ ಲೆಕ್ಕ ಸೊನ್ನೆ. ಹಾಗಾಗಿ ಎಲೆಯ ಕ್ರಮವನ್ನೇ ತಿರುಗಿಸಬೇಕು: ಮೊದಲು ಹುಳಿಯ ತಳದ ಬೇಳೆ, ಮೊಟ್ಟೆ ಅಥವಾ ಪನೀರ್, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನ. ಸಸ್ಯಾಹಾರಿಗಳ ಒಂದು ದಿನ ಹೀಗಿರಬಹುದು: ಪನೀರ್ 50 ಗ್ರಾಂನಲ್ಲಿ ಒಂಬತ್ತು, ಒಣ ಸೋಯಾ ಚಂಕ್ಸ್ 30 ಗ್ರಾಂನಲ್ಲಿ ಹದಿನೈದು, ಹಾಲು 400 ಮಿ.ಲೀ.ನಲ್ಲಿ ಹದಿಮೂರು, ಎರಡು ಬಟ್ಟಲು ಗಟ್ಟಿ ತೊವ್ವೆಯಲ್ಲಿ ಹದಿಮೂರು ಗ್ರಾಂ. ಕೂಡಿದರೆ ಐವತ್ತು. ಉಳಿದ ಹತ್ತಕ್ಕೆ ಪ್ರೋಟೀನ್ ಪುಡಿ ಬೇಕಾಗುತ್ತದೆ. ನೀರು ಮಜ್ಜಿಗೆಯನ್ನು ಲೆಕ್ಕಕ್ಕೆ ಹಿಡಿಯುವುದು ತಮ್ಮನ್ನು ತಾವೇ ಮೋಸ ಮಾಡಿಕೊಂಡಂತೆ. ಮೂರರಿಂದ ಆರನೆಯ ತಿಂಗಳಲ್ಲಿ ಕೂದಲು ಉದುರುವುದು ಬಹಳ ಮಂದಿಗೆ ಆಗಿ, ತಾನೇ ನಿಲ್ಲುತ್ತದೆ. ಆರು ತಿಂಗಳು ದಾಟಿಯೂ ಉದುರುತ್ತಿದ್ದರೆ ಎಣ್ಣೆ ಬದಲಿಸದೆ ಕಬ್ಬಿಣ, ಸತು, ಪ್ರೋಟೀನ್ ನೋಡಿಸಿ.

ವಿಟಮಿನ್ ಮಾತ್ರೆಗಳು ಜೀವನಪರ್ಯಂತ. ದಿನಕ್ಕೊಂದು ಬಿ-ಕಾಂಪ್ಲೆಕ್ಸ್ ಸಾಲದು. ಬಿ12 ದಿನಕ್ಕೆ 350ರಿಂದ 1,000 ಮೈಕ್ರೋಗ್ರಾಂ, ಇಲ್ಲವೇ ತಿಂಗಳಿಗೊಂದು 1,000 ಮೈಕ್ರೋಗ್ರಾಂ ಇಂಜೆಕ್ಷನ್; ಮುಟ್ಟಾಗುವ ಹೆಂಗಸರಿಗೆ ಮತ್ತು ಬೈಪಾಸ್ ಆದವರಿಗೆ ಕಬ್ಬಿಣ 45–60 ಮಿ.ಗ್ರಾಂ; ಎಲ್ಲರಿಗೂ ಕ್ಯಾಲ್ಸಿಯಂ 1,200–1,500 ಮಿ.ಗ್ರಾಂ, ಒಂದೇ ಸಲ 600 ಮೀರದಂತೆ ಹಂಚಿ. ವಿಟಮಿನ್ ಡಿ ದಿನಕ್ಕೆ 3,000 ಯೂನಿಟ್. ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದಾದರೆ ಒಳಿತು, ಅಗ್ಗದ ಕಾರ್ಬೊನೇಟ್ ಕರಗಲು ಆ್ಯಸಿಡ್ ಬೇಕು. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ನಡುವೆ ಎರಡು ಗಂಟೆ ಬಿಡಿ; ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾದ ಆಸುಪಾಸಿನಲ್ಲಿ ನುಂಗಬೇಡಿ. ಬಿ12 ಮಾತ್ರ ಕಪಟಿ. ಯಕೃತ್ತಿನಲ್ಲಿ ವರ್ಷಗಟ್ಟಲೆ ದಾಸ್ತಾನಿರುವುದರಿಂದ ಕೊರತೆ ಕಾಣುವುದು ಎರಡು ಮೂರು ವರ್ಷದ ಮೇಲೆ, ರೋಗಿ ತಪಾಸಣೆಗೆ ಹೋಗುವುದನ್ನು ಬಿಟ್ಟ ಕಾಲಕ್ಕೆ. ಪಾದ ಜುಮ್ಮೆನ್ನುತ್ತದೆ, ಚಪ್ಪಲಿ ಜಾರಿದ್ದೇ ತಿಳಿಯುವುದಿಲ್ಲ. ಫೋಲಿಕ್ ಆಸಿಡ್ ಮಾತ್ರೆಯೊಂದನ್ನೇ ತೆಗೆದುಕೊಳ್ಳುತ್ತಿದ್ದರೆ ರಕ್ತ ಸರಿಯಾದಂತೆ ತೋರುತ್ತದೆ, ಒಳಗೆ ನರ ಸವೆಯುತ್ತಲೇ ಇರುತ್ತದೆ. ಮೂರು, ಆರು, ಹನ್ನೆರಡನೆಯ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಬಿ12, ಡಿ, ಕ್ಯಾಲ್ಸಿಯಂ, ಪಿಟಿಎಚ್ (ಕ್ಯಾಲ್ಸಿಯಂ ಹತೋಟಿಯ ಹಾರ್ಮೋನ್), ಆಲ್ಬುಮಿನ್ (ರಕ್ತದ ಪ್ರೋಟೀನ್) ಪರೀಕ್ಷೆ ಆಗಬೇಕು.

ಹೆಣ್ಣುಮಕ್ಕಳು ತಿಳಿದಿರಬೇಕಾದ್ದು ಇನ್ನೂ ಇದೆ. ಪಿಸಿಒಡಿ ಎಂಬ ಅಂಡಾಶಯದ ತೊಂದರೆಯಿಂದ ಮುಟ್ಟು ತಪ್ಪುತ್ತಿದ್ದವರಿಗೆ ತೂಕ ಇಳಿಯುತ್ತಿದ್ದಂತೆ ಗರ್ಭ ನಿಲ್ಲುವ ಸಾಧ್ಯತೆ ದಿಢೀರನೆ ಏರುತ್ತದೆ. ಆದರೆ ಹನ್ನೆರಡರಿಂದ ಹದಿನೆಂಟು ತಿಂಗಳು ಬಸಿರಾಗದಿರುವುದು ಒಳ್ಳೆಯದು, ಮತ್ತು ಬೈಪಾಸ್ ಆದವರಿಗೆ ನುಂಗುವ ಗರ್ಭನಿರೋಧಕ ಮಾತ್ರೆ ನೆಚ್ಚುವಂಥದ್ದಲ್ಲ; ಕಾಪರ್-ಟಿ ಅಥವಾ ಇಂಜೆಕ್ಷನ್ ವಾಸಿ. ನಮ್ಮಲ್ಲಿ ಗರ್ಭಿಣಿಯರಿಗೆಲ್ಲ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ ಸಕ್ಕರೆ ಪರೀಕ್ಷೆ ಮಾಡುವುದು ವಾಡಿಕೆ. ಬೈಪಾಸ್ ಆದವರಿಗೆ ಅದನ್ನು ಕುಡಿಸಬೇಡಿ. ಡಂಪಿಂಗ್ ಆಗಿ ಒದ್ದಾಡುತ್ತಾರೆ, ಬರುವ ಅಂಕಿಯೂ ನಂಬುವಂತಿರುವುದಿಲ್ಲ. 24ರಿಂದ 28ನೆಯ ವಾರದ ನಡುವೆ ಒಂದು ವಾರ ಮನೆಯಲ್ಲೇ ಗ್ಲೂಕೋಮೀಟರಿನಲ್ಲಿ ಖಾಲಿಹೊಟ್ಟೆಯದ್ದು, ಊಟದ ನಂತರದ್ದು ಬರೆದಿಟ್ಟರೆ ಸಾಕು. ತುಂಬುಬಸಿರಿನಲ್ಲಿ ಗರ್ಭಕೋಶ ಕರುಳನ್ನು ಮೇಲಕ್ಕೆ ನೂಕುವುದರಿಂದ ಮೇಲೆ ಹೇಳಿದ ಒಳಹರ್ನಿಯಾ ಆಗುವ ಸಮಯವೂ ಅದೇ. ಅಲ್ಲಿಯೂ ‘ಗ್ಯಾಸ್ಟ್ರಿಕ್’ ಅನ್ನುವವರೇ ಹೆಚ್ಚು.

ಮದ್ಯದ ಬಗ್ಗೆ ಒಂದೇ ಸಾಲು: ಮೊದಲು ಮೂರು ಪೆಗ್‌ಗೆ ಏರುತ್ತಿದ್ದದ್ದು ಈಗ ಒಂದಕ್ಕೇ, ಅದೂ ನಿಮಿಷಗಳಲ್ಲಿ ಏರುತ್ತದೆ, ಕೆಲವರಿಗೆ ಚಟವಾಗಿಯೂ ಅಂಟುತ್ತದೆ.

ಇಷ್ಟನ್ನು ಯಾರು ಹೇಳಬೇಕು? ಆಸ್ಪತ್ರೆಗಳ ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿ, ನಾಲ್ಕು ಹಾಳೆ, ಅರ್ಧಕ್ಕರ್ಧ ರಕ್ತ ಪರೀಕ್ಷೆಯ ಅಂಕಿ. ಪ್ಯಾಕೇಜ್ ಬೆಲೆಯಲ್ಲಿ ಮುಂದಿನ ವರ್ಷಗಳ ಮಾತ್ರೆ, ಪರೀಕ್ಷೆಗಳ ಖರ್ಚು ಕಾಣುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ನಿಯಮಾವಳಿಯಂತೆ ಈ ಆಪರೇಷನ್‌ಗೆ ವಿಮೆ ಸಿಗುವುದು ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40 ಇದ್ದರೆ, ಅಥವಾ ತೀವ್ರ ಕಾಯಿಲೆಗಳೊಂದಿಗೆ 35 ಇದ್ದರೆ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯಾದರೋ ಏಷ್ಯಾದವರಿಗೆ 27.5ರಿಂದಲೇ ಶಸ್ತ್ರಚಿಕಿತ್ಸೆಯ ಅವಕಾಶ ಕೊಡಬೇಕು ಎನ್ನುತ್ತದೆ. ನಡುವಿನವರು ಕೈಯಿಂದ ಹಣ ಹಾಕುತ್ತಾರೆ. ಹಾಗೆ ಹಾಕುವವರು ಮುಂದಿನ ಐದು ವರ್ಷದ ಖರ್ಚನ್ನೂ ಬರವಣಿಗೆಯಲ್ಲಿ ಕೇಳಿ ಪಡೆಯಲಿ.

ಆಪರೇಷನ್ ಮಾಡುವ ಪ್ರತಿಯೊಂದು ಕೇಂದ್ರವೂ ಎಟಿಎಂ ಕಾರ್ಡಿನಷ್ಟೇ ಗಾತ್ರದ ಕನ್ನಡದ ಚೀಟಿಯೊಂದನ್ನು ಲ್ಯಾಮಿನೇಟ್ ಮಾಡಿ ಕೊಡಲಿ ಎಂಬುದು ನಮ್ಮ ಒತ್ತಾಯ. ಒಂದು ಬದಿಯಲ್ಲಿ ಆಪರೇಷನ್ನಿನ ಹೆಸರು, ದಿನಾಂಕ, ಬೈಪಾಸ್ ಆಗಿದ್ದರೆ ಎಷ್ಟು ಸೆಂ.ಮೀ. ಕರುಳು, ಪೊರೆಯ ಕಿಂಡಿ ಮುಚ್ಚಿದೆಯೋ ಇಲ್ಲವೋ. ಇನ್ನೊಂದು ಬದಿಯಲ್ಲಿ ಹೀಗೆ: ಥಯಾಮಿನ್ ಕೊಡದೆ ಗ್ಲೂಕೋಸ್ ಹಾಕಬೇಡಿ, ಡೈಕ್ಲೊಫೆನಾಕ್ ಬೇಡ, ರೈಲ್ಸ್ ಟ್ಯೂಬ್ ಕುರುಡಾಗಿ ಹಾಕಬೇಡಿ, ನಾಡಿ 120 ದಾಟಿದರೆ ಲೀಕ್ ಎಂದೇ ತಿಳಿಯಿರಿ, ಹೊಟ್ಟೆನೋವು ಬಿಡದಿದ್ದರೆ ಸಿ.ಟಿ. ಮಾಡಿಸಿ. ಕೆಳಗೆ, ರಾತ್ರಿ ಎರಡು ಗಂಟೆಗೂ ಯಾರಾದರೂ ಎತ್ತುವ ಒಂದು ಫೋನ್ ನಂಬರ್.

– ಬೊಜ್ಜಿನ ಶಸ್ತ್ರಚಿಕಿತ್ಸೆ ಹಾಗೂ ನಂತರದ ಆರೈಕೆಯಲ್ಲಿ ತೊಡಗಿರುವ ವೈದ್ಯರು ಮತ್ತು ಪಥ್ಯತಜ್ಞರು, ಬೆಂಗಳೂರು